ಆಂಪ್ಲಿಫೈಯರ್ ಗುಂಯ್ ಅನ್ನುತ್ತೆ, ಸ್ಟೆಬಿಲೈಸರ್ ತಗೊಳ್ಳಲಾ?

ಪ್ರಶ್ನೆ (ಪಾಂಡವಪುರ ಕಡೆಯಿಂದ): ನಮಸ್ಕಾರ ಸಾರ್. ಡಿಶ್‌ನ ಸೆಟ್‌ಟಾಪ್ ಬಾಕ್ಸಿಂದ ಆಡಿಯೋ ವೈರ್ ಎಳೆದು ಹಳೇ ಸ್ಟೀರಿಯೋ ಆಂಪ್ಲಿಫೈಯರ್‌ಗೆ ಹಾಕಿದ್ದೀನಿ. ಹಾಡು ಇಲ್ಲದಿದ್ರೂ ಗುಂಯ್ ಅಂತಿರುತ್ತೆ, ವಾಲ್ಯೂಮ್ ಏರಿಸಿದಷ್ಟೂ ಜೋರು. ಪಕ್ಕದ ಆಲೆಮನೆ ಮೋಟರ್ ಶುರುವಾದ್ರೆ ಲೈಟೂ ಮಂಕಾಗುತ್ತೆ. ಕರೆಂಟ್ ಸರಿಯಿಲ್ಲ, ಸ್ಟೆಬಿಲೈಸರ್ ಹಾಕಿ ಅಂತಾರೆ ಅಂಗಡಿಯವರು. ಪ್ಲಗ್‌ನ ಅರ್ಥ್ ಪಿನ್ ತೆಗೆದ್ರೆ ಸದ್ದು ನಿಂತೋಗುತ್ತೆ. ಹಾಗೇ ಬಿಡಬಹುದಾ?

ಉತ್ತರ: ಬಿಡಬೇಡಿ. ಮೊದಲು ಆ ಪಿನ್ ವಾಪಸ್ ಹಾಕಿ, ಆಮೇಲೆ ಮುಂದಕ್ಕೆ ಓದಿ. ಒಳಗೆ ಇನ್ಸುಲೇಷನ್ ಕೆಟ್ಟರೆ ಆಂಪ್ಲಿಫೈಯರ್‌ನ ತಗಡಿನ ಮೈಗೇ 230 ವೋಲ್ಟ್ ಬಂದು ಕೂರುತ್ತೆ. ಅರ್ಥ್ ಇದ್ದರೆ ಫ್ಯೂಸ್ ಹೋಗುತ್ತೆ, ಇಲ್ಲದಿದ್ದರೆ ಮುಟ್ಟಿದವರು ಹೋಗ್ತಾರೆ.

ಆದರೆ ಕಾಯಿಲೆ ಏನು ಅಂತ ನೀವೇ ಹೇಳಿಬಿಟ್ಟಿದ್ದೀರಿ. ಅರ್ಥ್ ತೆಗೆದಾಗ ನಿಂತಿತು ಅಂದರೆ ತಪ್ಪು ವೋಲ್ಟೇಜಿನದಲ್ಲ. ನಿಮ್ಮ ಸೆಟ್ಟಿಗೆ ಭೂಮಿಗೆ ಹೋಗಲು ಎರಡು ದಾರಿ ಆಗಿವೆ: ಒಂದು ಪ್ಲಗ್ ಮೂಲಕ, ಇನ್ನೊಂದು ತಾರಸಿಯ ಕಬ್ಬಿಣಕ್ಕೆ ಬಿಗಿದ ಡಿಶ್ ಮೂಲಕ. ಈ ಎರಡರ ನಡುವೆ ಸಣ್ಣ ಕರೆಂಟ್ ಆಡಿಯೋ ವೈರಿನ ಹೊರಕವಚದಲ್ಲೇ ಸುತ್ತು ಹೊಡೆಯುತ್ತೆ. 50 ಹರ್ಟ್ಸ್‌ನ ಗುಂಯ್ ಅದೇ. ಗ್ರೌಂಡ್ ಲೂಪ್ ಅಂತೀವಿ. ಎಲ್ಲ ಆನ್ ಇಟ್ಟು, ಬಾಕ್ಸ್ ಹಿಂದಿನ ಡಿಶ್ ಕೇಬಲ್ ಮಾತ್ರ ಬಿಚ್ಚಿ ನೋಡಿ. ಗುಂಯ್ ನಿಂತರೆ ಕಾರಣ ಇದೇ.

ಸ್ಟೆಬಿಲೈಸರ್ ವೋಲ್ಟೇಜ್ ಏರಿಸಿ ಇಳಿಸುತ್ತೆ ಅಷ್ಟೇ, ಈ ಸದ್ದಿಗೂ ಅದಕ್ಕೂ ಸಂಬಂಧವಿಲ್ಲ. ಆಲೆಮನೆ ಮೋಟರ್ ಎತ್ತಿದಾಗ ವೋಲ್ಟೇಜ್ ಎಷ್ಟಕ್ಕೆ ಬೀಳುತ್ತೆ ಅಂತ ಮೀಟರ್ ಹಿಡಿದು ನೋಡಿ. ತೀರಾ ಬೀಳ್ತಿದ್ದರೆ ಫ್ರಿಜ್ಜಿಗೆ ಬೇಕಾಗಬಹುದು, ಅದು ಬೇರೆ ಮಾತು.

ಪ್ರಶ್ನೆ (ಮೈಸೂರು, ಕುವೆಂಪುನಗರ): ನಮ್ಮಲ್ಲಿ ಫ್ಯಾನ್ ಸ್ಪೀಡ್ ಇಳಿಸಿದಾಗ ಮಾತ್ರ ಸ್ಪೀಕರಲ್ಲಿ ಜರ್ರ್ ಅನ್ನುತ್ತೆ ಸಾರ್. ಇದೂ ಅದೇನಾ?

ಉತ್ತರ: ಅಲ್ಲ ಮೇಡಂ. ನಿಮ್ಮದು ನುಣ್ಣಗೆ ತಿರುಗುವ, ಡಿಮ್ಮರ್ ತರಹದ ರೆಗ್ಯುಲೇಟರ್ ಇರಬೇಕು. ಅದು ಸೆಕೆಂಡಿಗೆ 100 ಸಲ ಕರೆಂಟಿನ ಅಲೆ ಕತ್ತರಿಸುತ್ತೆ, ಆ ಚೂಪು ಅಂಚುಗಳೇ ಲೈನಲ್ಲಿ ಹರಿದು ಜರ್ರ್ ಅನ್ನೋದು. 1, 2, 3 ಅಂತ ಟಕ್ ಟಕ್ ಬೀಳುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿ. ಇನ್ವರ್ಟರ್ ಮೇಲೆ ಓಡುವಾಗಲೂ ಸದ್ದಿದ್ದರೆ ಅದು ಸ್ಕ್ವೇರ್ ವೇವ್‌ದಾ, ಅಂದರೆ ನುಣುಪು ಅಲೆ ಬಿಟ್ಟು ಚೂಪು ಅಂಚಿನ ಚೌಕದ ಅಲೆ ಕೊಡುವಂಥದ್ದಾ ನೋಡಿ.

ಪ್ರಶ್ನೆ (ಪಾಂಡವಪುರದವರೇ): ಡಿಶ್ ಕೇಬಲ್ ಬಿಚ್ಚಿದ ತಕ್ಷಣ ಗಪ್‌ಚುಪ್ ಸಾರ್! ಈ ಲೂಪ್ ಕಡಿಯೋಕೆ ಕೇಬಲ್‌ಗೇ ಹಾಕುವ ಐಸೊಲೇಟರ್ ಸಿಗುತ್ತಂತೆ, ತರಿಸಲಾ?

ಉತ್ತರ: ಅದು ಕೇಬಲ್ ಟಿವಿಯವರಿಗೆ. ಡಿಶ್ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿಗೆ (ಎಲ್‌ಎನ್‌ಬಿ) ಅದೇ ಕೇಬಲ್‌ನಲ್ಲಿ 13 ಇಲ್ಲವೇ 18 ವೋಲ್ಟ್ ಹೋಗಬೇಕು. ಐಸೊಲೇಟರ್ ಅದನ್ನು ತಡೆದರೆ ಚಿತ್ರವೇ ಬರಲ್ಲ. ಆಡಿಯೋ ವೈರಿಗೆ ಹಾಕುವ ಐಸೊಲೇಟರ್ ತನ್ನಿ. ತೀರಾ ಅಗ್ಗದ್ದು ಬೇಡ, ತಮಟೆ, ನಗಾರಿ ಸದ್ದೆಲ್ಲ ಸೊರಗುತ್ತೆ. ಟಿವಿಯಲ್ಲಿ ಆಪ್ಟಿಕಲ್ ಔಟ್ ಇದ್ದರೆ ಇನ್ನೂ ವಾಸಿ: ಅಲ್ಲಿಂದ ಚಿಕ್ಕದೊಂದು ಡ್ಯಾಕ್ (ಡಿಜಿಟಲ್ ಸದ್ದನ್ನು ಹಳೇ ಆಂಪ್ಲಿಫೈಯರ್‌ಗೆ ಅರ್ಥವಾಗುವ ಅನಲಾಗ್ ಮಾಡುವ ಡಬ್ಬಿ), ಡ್ಯಾಕಿಂದ ಆಂಪ್ಲಿಫೈಯರ್. ಆ ಆಪ್ಟಿಕಲ್ ತಂತಿಯಲ್ಲಿ ಹೋಗೋದು ಬೆಳಕು, ಕರೆಂಟ್ ಸುತ್ತು ಹೊಡೆಯೋಕೆ ಜಾಗವೇ ಇಲ್ಲ. ಟಿವಿ ಸೆಟ್ಟಿಂಗಲ್ಲಿ ಆಡಿಯೋ ಔಟನ್ನು ಪಿಸಿಎಂಗೆ (ಸಾದಾ ಡಿಜಿಟಲ್ ಸದ್ದು) ಇಡಿ, ಡಾಲ್ಬಿ ಇಟ್ಟರೆ ಚಿಕ್ಕ ಡ್ಯಾಕ್‌ಗಳು ಬಾಯೇ ಬಿಡಲ್ಲ.