ಗೆಕ್ಕೊ ಪೆಟ್ಟಿಗೆಗೆ ಎಷ್ಟು ಕಾವು ಬೇಕು?

ಮಾಲೂರು: ನಮ್ಮ ಲೆಪರ್ಡ್ ಗೆಕ್ಕೊ (ಸಾಕುವ ಚುಕ್ಕೆ ಹಲ್ಲಿ) ಒಂದು ವಾರದಿಂದ ಹುಳು ಮುಟ್ಟುತ್ತಿಲ್ಲ. ಪೆಟ್ಟಿಗೆಯ ಗಾಜಿಗೆ ಅಂಟಿಸಿದ ಥರ್ಮಾಮೀಟರ್ 28 ಡಿಗ್ರಿ ತೋರಿಸುತ್ತದೆ. ಇನ್ನೂ ದೊಡ್ಡ ಬಲ್ಬು ಹಾಕಲೇ? ಸಾಕಿದವರು ಹೇಳಿ.

ಶಿಡ್ಲಘಟ್ಟ: ಬಲ್ಬು ಹಾಗೇ ಇರಲಿ, ಮೊದಲು ಥರ್ಮಾಮೀಟರನ್ನು ಕೆಳಗಿಳಿಸಿ. ಗೆಕ್ಕೊ ಮಲಗುವುದು ನೆಲದ ಮೇಲೆ, ನೀವು ಅಳೆಯುತ್ತಿರುವುದು ಗಾಜನ್ನು. ನಮ್ಮದು ರೇಷ್ಮೆ ಸಾಕುವ ಮನೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ 27–28, ಕೊನೆಯ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಹುಳುವಿಗೆ 24–25 ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತೇವೆ. ಆ ಜಂಬದಲ್ಲಿಯೇ ನಾನೂ ಗಾಜಿನ ಮೇಲಿನ 30 ನಂಬಿದ್ದೆ. ತಂತಿಯ ತುದಿಯಲ್ಲಿ ಅಳೆಯುವ ಡಿಜಿಟಲ್ ಥರ್ಮಾಮೀಟರ್ ತಂದು ಅದು ಮಲಗುವ ಹೆಂಚಿನ ಮೇಲಿಟ್ಟರೆ 23! ಹೊಟ್ಟೆಗೆ ಕಾವು ಸಿಗದಿದ್ದರೆ ತಿಂದದ್ದು ಅರಗುವುದಿಲ್ಲ. ನಮ್ಮದು ಎರಡು ದಿನದ ಹಿಂದೆ ನುಂಗಿದ ಮಿಡತೆಯನ್ನು ಕಾಲು ಸಮೇತ ಕಾರಿಕೊಂಡಿತ್ತು.

ಈಗ ಪೆಟ್ಟಿಗೆಯ ಒಂದು ತುದಿಯಲ್ಲಿ, ತಳದ ಮೂರನೇ ಒಂದು ಭಾಗಕ್ಕೆ ಮಾತ್ರ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಳೆ) ಹಾಕಿದ್ದೇನೆ. ಅದರ ಮೇಲಿನ ಮಂಗಳೂರು ಹೆಂಚಿನ ಚೂರು 32 ಡಿಗ್ರಿ, ಇನ್ನೊಂದು ತುದಿ 25. ಎರಡೂ ಕಡೆ ಅಡಗುವ ಗೂಡು ಇರಲೇಬೇಕು. ಒಂದೇ ಕಡೆ ಇದ್ದರೆ ಹೆದರಿಕೆಗೆ ಅಲ್ಲೇ ಕೂತುಬಿಡುತ್ತದೆ, ಚಳಿಯೋ ಸೆಕೆಯೋ ನೋಡುವುದಿಲ್ಲ. ರಾತ್ರಿ 21ಕ್ಕೆ ಇಳಿದರೂ ತೊಂದರೆಯಿಲ್ಲ. ಬೆಳಿಗ್ಗೆ ಇಣುಕಿದರೆ ಹೊಟ್ಟೆಯನ್ನು ಹೆಂಚಿಗೆ ಒತ್ತಿ, ಬಾಲವನ್ನು ಮಾತ್ರ ತಂಪಿನ ಕಡೆ ಚಾಚಿ ಮಲಗಿರುತ್ತದೆ.

ಕೋಲಾರ: ಮ್ಯಾಟ್ ತಂದರೆ ಕಾವು ಹೆಚ್ಚದಂತೆ ತಡೆಯುವ ಥರ್ಮೋಸ್ಟಾಟನ್ನೂ ತನ್ನಿ. ನಾನು ದುಡ್ಡು ಉಳಿಸಲು ಹೋದೆ. ಕೈಗೆ ಬೆಚ್ಚಗೆ ಎನಿಸಿದ ಹೆಂಚು ಅಳೆದಾಗ 43 ಡಿಗ್ರಿ ಇತ್ತು. ಅಷ್ಟರಲ್ಲಿ ಪಾಪದ ಪ್ರಾಣಿಯ ಹೊಟ್ಟೆಯ ಚರ್ಮ ಸುಟ್ಟಿತ್ತು. ತಿಂಗಳುಗಟ್ಟಲೆ ಮುಲಾಮು ಹಚ್ಚಿದ್ದೇನೆ. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಳಗಿಡಿ. ಗಾಳಿಯಾಡಲು ಒಂದು ಬದಿ ಬಿಟ್ಟು ಕಂಬಳಿ ಹೊದಿಸಿ.

ಪಾವಗಡ: ನಿಮಗೆ ಚಳಿಯ ಚಿಂತೆ. ಇಲ್ಲಿ ಏಪ್ರಿಲ್‌ನಲ್ಲಿ ಕೋಣೆಯೇ 36 ಮುಟ್ಟುತ್ತದೆ, ಮ್ಯಾಟ್ ಅಟ್ಟ ಸೇರುತ್ತದೆ. ತಂಪಿನ ತುದಿಯನ್ನು ಉಳಿಸಿಕೊಳ್ಳುವುದೇ ಕೆಲಸ: ಪೆಟ್ಟಿಗೆಯನ್ನು ಮೇಜಿನಿಂದ ನೆಲಕ್ಕಿಳಿಸಿ, ಆ ತುದಿಗೆ ಹೊರಗಿನಿಂದ ಒದ್ದೆ ಗೋಣಿ ಹೊದಿಸುತ್ತೇನೆ.

ಮಾಲೂರು: ಹೆಂಚಿನ ಮೇಲೆ ಅಳೆದೆ, 22. ನಾಚಿಕೆಯಾಯಿತು. ಥರ್ಮೋಸ್ಟಾಟ್ ಬರುವ ತನಕ ಕೋಲಾರದವರ ಬಾಟಲಿಯೇ ಗತಿ. ಕಾವು ಸರಿಯಾದ ಮೇಲೆ ರೇಷ್ಮೆ ಹುಳು ಕೊಡಬಹುದೇ?

ಶಿಡ್ಲಘಟ್ಟ: ಕೊಡಿ, ಬಿಸಿ ಸರಿಯಾಗಿ ಒಂದೆರಡು ದಿನ ಕಳೆಯಲಿ. ಗೂಡು ಕಟ್ಟಲು ಸಿದ್ಧವಾದ ಹಣ್ಣು ಹುಳು ಬೇಡ, ಎರಡನೇ ಜ್ವರ ಎದ್ದದ್ದು ಸಾಕು. ಸುಣ್ಣವನ್ನೋ ಸೋಂಕುನಿವಾರಕ ಪುಡಿಯನ್ನೋ ಉದುರಿಸಿದ ತಟ್ಟೆಯದಾದರೆ ಅದೂ ಬೇಡ. ಬಾಲ ಸಣ್ಣಗಾಗುತ್ತಿದೆಯೇ ನೋಡುತ್ತಿರಿ. ಕೊಬ್ಬು ಕೂಡಿಡುವುದು ಅಲ್ಲೇ. ಸಣ್ಣಗಾದರೆ ಇಲ್ಲಿ ಕೇಳುತ್ತಾ ಕೂರದೆ ಪಶುವೈದ್ಯರಿಗೆ ತೋರಿಸಿ.