ತಂಡವೇ ಊರು ಬಿಟ್ಟು ಹೋದರೆ ಮಗನಿಗೆ ಏನು ಹೇಳುವುದು?

ಫ್ರೀಮಾಂಟ್‌ನಿಂದ:
ಎಲ್ಲರಿಗೂ ನಮಸ್ಕಾರ. ಶಾಲೆ, ವೀಸಾ, ಕನ್ನಡ ತರಗತಿಗಳ ಬಗ್ಗೆ ಮಾತನಾಡುವ ಈ ಗುಂಪಿನಲ್ಲಿ ಬೇಸ್‌ಬಾಲ್ ವಿಷಯ ತಂದಿದ್ದೇನೆ. ನಮ್ಮ ಮನೆಯಲ್ಲಿ ಇದು ಈಗ ಬರೀ ಆಟದ ಮಾತಾಗಿ ಉಳಿದಿಲ್ಲ. ಹನ್ನೊಂದು ವರ್ಷದ ನನ್ನ ಮಗ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡದ ಅಭಿಮಾನಿ. ಅಪ್ಪನ ಜೊತೆ ಬಾರ್ಟ್ ರೈಲಿನಲ್ಲಿ ಹೋಗಿ, ಕೊಲಿಸಿಯಂ ನಿಲ್ದಾಣದಲ್ಲಿ ಇಳಿದು, ಕ್ರೀಡಾಂಗಣದ ಕಾಲುಸೇತುವೆ ಹತ್ತಿದ ಕೂಡಲೇ ಅವನು ಓಡಲು ಶುರುಮಾಡುತ್ತಿದ್ದ. 2024ರ ಸೆಪ್ಟೆಂಬರ್ 26ರಂದು ಅಲ್ಲಿ ನಡೆದ ಕೊನೆಯ ಪಂದ್ಯಕ್ಕೆ ಸೇರಿದ್ದ 46,889 ಜನರಲ್ಲಿ ನಾವು ಮೂವರೂ ಇದ್ದೆವು. ನಮ್ಮವರು ಟೆಕ್ಸಸ್ ರೇಂಜರ್ಸ್ ವಿರುದ್ಧ 3–2ರಿಂದ ಗೆದ್ದರು. ಗೆದ್ದ ಮೇಲೂ ಜನ ಕುರ್ಚಿ ಬಿಟ್ಟು ಏಳಲಿಲ್ಲ. ಮೈದಾನದ ಸಿಬ್ಬಂದಿಯೊಬ್ಬರು ಕೊಟ್ಟ ಒಂದು ಹಿಡಿ ಮಣ್ಣನ್ನು ಮಗ ಟೋಪಿಯಲ್ಲಿಟ್ಟುಕೊಂಡು ಮನೆಗೆ ತಂದ. ಅತ್ತೆ ಊರಿನಿಂದ ಕಳಿಸಿದ್ದ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ತೊಳೆದು ಅದರಲ್ಲಿ ತುಂಬಿದ್ದಾನೆ. ಅದು ಈಗ ದೇವರ ಗೂಡಿನ ಪಕ್ಕದಲ್ಲಿದೆ.

ಲಾಸ್ ವೇಗಸ್‌ನಲ್ಲಿ ಹೊಸ ಕ್ರೀಡಾಂಗಣ ಸಿದ್ಧವಾಗುವವರೆಗೆ ತಂಡ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ, ಸುಮಾರು 14,000 ಜನ ಹಿಡಿಸುವ ಕಿರಿಯ ಲೀಗಿನ ಮೈದಾನದಲ್ಲಿ ಆಡುತ್ತಿದೆ. ಮಗ ಟೋಪಿ ಹಾಕುವುದಿಲ್ಲ, ಟಿವಿಯಲ್ಲಿ ಪಂದ್ಯ ಬಂದರೆ ಎದ್ದು ಹೋಗುತ್ತಾನೆ. ಆದರೆ ಬೆಳಗ್ಗೆ ನಾನು ದೋಸೆ ಹುಯ್ಯುವಾಗ ನನ್ನ ಫೋನಿನಲ್ಲಿ ಕದ್ದು ಸ್ಕೋರ್ ನೋಡುತ್ತಾನೆ. ಹುಟ್ಟುಹಬ್ಬಕ್ಕೆ ಅವನನ್ನು ಸ್ಯಾಕ್ರಮೆಂಟೊಗೆ ಕರೆದುಕೊಂಡು ಹೋಗಬೇಕೇ, ಅಥವಾ ನಿಧಾನವಾಗಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಕಡೆಗೆ ತಿರುಗಿಸಬೇಕೇ? ಮಕ್ಕಳು ಮರೆಯುತ್ತಾರೆ ಎನ್ನುತ್ತಾರೆ ನಮ್ಮವರು. ಇವನು ಮರೆಯುತ್ತಿಲ್ಲ.

ಸನಿವೇಲ್‌ನಿಂದ:
ಅಕ್ಕ, ಎರಡೂ ಬೇಡ. ಅಥ್ಲೆಟಿಕ್ಸ್ ಹೊರಡುವ ಹೊತ್ತಿಗೇ, 2024ರಲ್ಲಿ, ಓಕ್‌ಲ್ಯಾಂಡ್ ಬಾಲರ್ಸ್ ಎಂಬ ಸಣ್ಣ ಬೇಸ್‌ಬಾಲ್ ತಂಡ ಆಡಲು ಶುರುಮಾಡಿತು. ವೆಸ್ಟ್ ಓಕ್‌ಲ್ಯಾಂಡಿನ ರೈಮಂಡಿ ಪಾರ್ಕಿನಲ್ಲಿ ಆಡುತ್ತಾರೆ. 2025ರಲ್ಲಿ ಪಯೊನಿಯರ್ ಲೀಗಿನ ಪ್ರಶಸ್ತಿಯನ್ನೂ ಗೆದ್ದರು. ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ ನೋಡಿ.

ಬಾಸ್ಟನ್‌ನಿಂದ:
ತಂಗೀ, ನಿಮ್ಮ ಮಾತು ಓದಿ ನಿನ್ನೆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಮಗ ಇಲ್ಲಿನ ರೆಡ್ ಸಾಕ್ಸ್ ತಂಡದ ಅಭಿಮಾನಿ. 2003ರ ಅಕ್ಟೋಬರ್‌ನಲ್ಲಿ ಯಾಂಕೀಸ್ ವಿರುದ್ಧದ ಸರಣಿಯ ನಿರ್ಣಾಯಕ ಏಳನೆಯ ಪಂದ್ಯ ಹನ್ನೊಂದನೆಯ ಇನ್ನಿಂಗ್ಸಿಗೆ ಹೋಗಿ, ಯಾಂಕೀಸ್‌ನ ಏರನ್ ಬೂನ್ ಹೊಡೆದ ಹೋಮ್ ರನ್‌ನಿಂದ ಎಲ್ಲವೂ ಮುಗಿದಾಗ ಮಧ್ಯರಾತ್ರಿ ದಾಟಿತ್ತು. ಪ್ರೌಢಶಾಲೆಯ ಕೊನೆಯ ವರ್ಷದಲ್ಲಿದ್ದ ಹುಡುಗ ಮೆಟ್ಟಿಲ ಮೇಲೆ ಕುಳಿತು ಬಿಕ್ಕುತ್ತಿದ್ದ. ನಾನು ಕೋಣೆಯಿಂದ ಹೊರಗೆ ಬಂದು, ನಾಳೆ ಪರೀಕ್ಷೆ ಇದೆ, ಹೋಗಿ ಮಲಗು ಎಂದೆ. ಮರುವರ್ಷ, 1918ರ ನಂತರ ಮೊದಲ ಬಾರಿಗೆ, ತಂಡ ಬೇಸ್‌ಬಾಲಿನ ಅತಿದೊಡ್ಡ ಪ್ರಶಸ್ತಿಯಾದ ವರ್ಲ್ಡ್ ಸೀರೀಸ್ ಗೆದ್ದಾಗ ಅವನು ಬೇರೆ ರಾಜ್ಯದ ಕಾಲೇಜಿನಲ್ಲಿದ್ದ. ಫೋನ್ ಬರುತ್ತದೆಂದು ನಾನು ಬಹಳ ಹೊತ್ತು ಎದ್ದಿದ್ದೆ, ಬರಲಿಲ್ಲ. ಮಗನ ಪಕ್ಕದಲ್ಲಿ ಕುಳಿತುಕೊಳ್ಳಿ ಎಂದಷ್ಟೇ ನಾನು ಹೇಳಬಲ್ಲೆ.

ಸ್ಯಾನ್ ಹೋಸೆಯಿಂದ:
ಸ್ಯಾಕ್ರಮೆಂಟೊಗೆ ಹೋಗಲೇಬೇಡಿ, ಅಕ್ಕ. ಒಂದು ಡಾಲರ್ ಕೂಡ ಆ ಮಾಲೀಕರ ಕೈಸೇರಬಾರದು. ಬೆಳೆಸಿದ ಆಟಗಾರರನ್ನು ಒಬ್ಬೊಬ್ಬರಾಗಿ ಕಳಿಸಿದರು: 2022ರಲ್ಲಿ ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್, ಅದೇ ವರ್ಷದ ಡಿಸೆಂಬರಿನಲ್ಲಿ ಶಾನ್ ಮರ್ಫಿ. ಮರುವರ್ಷ ತಂಡ 112 ಪಂದ್ಯ ಸೋತಿತು. ಸೋಲುವ ತಂಡವನ್ನು ಕಟ್ಟಿ, ಟಿಕೆಟ್ ಬೆಲೆ ಏರಿಸಿ, ಜನ ಬರುತ್ತಿಲ್ಲವೆಂದು ಜನರನ್ನೇ ದೂರಿದರು. ಅದು ಸುಳ್ಳೆಂದು ತೋರಿಸಲು 2023ರ ಜೂನ್ 13ರಂದು, ಕೆಲಸದ ದಿನದ ಸಂಜೆ, 27,759 ಜನ ಸೇರಿದೆವು. ತಂಡವನ್ನು ಮಾರಿಬಿಡಿ ಎಂದು ಗಂಟಲು ಕಟ್ಟುವಷ್ಟು ಕೂಗಿದೆವು. ಅದೇ ವಾರ ಲಾಸ್ ವೇಗಸ್ ಇರುವ ನೆವಾಡ ರಾಜ್ಯ ಹೊಸ ಕ್ರೀಡಾಂಗಣಕ್ಕೆ 38 ಕೋಟಿ ಡಾಲರ್‌ವರೆಗಿನ ಸರ್ಕಾರಿ ನೆರವಿಗೆ ಒಪ್ಪಿತು. ನವೆಂಬರಿನಲ್ಲಿ ತಂಡದ ಸ್ಥಳಾಂತರಕ್ಕೆ ಮೂವತ್ತು ತಂಡಗಳ ಮಾಲೀಕರೂ ಒಮ್ಮತದಿಂದ ಒಪ್ಪಿಗೆ ಕೊಟ್ಟರು. ಪ್ರೀತಿಯನ್ನು ಹೀಗೆ ಮಾರಿಕೊಂಡವರಿಗೆ ಬೆನ್ನು ತೋರಿಸುವುದನ್ನು ಮಗ ಹನ್ನೊಂದನೆಯ ವಯಸ್ಸಿನಲ್ಲೇ ಕಲಿಯಲಿ.

ಟೊರಾಂಟೊದಿಂದ:
ಅಷ್ಟು ಕಠಿಣವಾಗಬೇಡಿ ಸರ್. ಆರ್‌ಸಿಬಿಗಾಗಿ 2009, 2011, 2016ರ ಫೈನಲ್‌ಗಳ ಸೋಲು ನುಂಗಿ, 2025ರ ಜೂನ್ 3ರವರೆಗೆ ಕಾದವರು ನಾವು. ಮಗು ಕಾಯಲು ಕಲಿಯಲಿ. 2025ರ ನವೆಂಬರ್ 1ರಂದು ನಮ್ಮ ಬ್ಲೂ ಜೇಸ್ ವರ್ಲ್ಡ್ ಸೀರೀಸ್ ಗೆಲ್ಲಲು ಇನ್ನು ಎರಡೇ ಔಟ್ ಬೇಕಿತ್ತು. ಎದುರಾಳಿ ಡಾಜರ್ಸ್‌ನ ಮಿಗೆಲ್ ರೋಹಾಸ್ ಹೋಮ್ ರನ್ ಹೊಡೆದು ಸಮ ಮಾಡಿದರು, ಹನ್ನೊಂದನೆಯ ಇನ್ನಿಂಗ್ಸಿನಲ್ಲಿ ಡಾಜರ್ಸ್ 5–4ರಿಂದ ಗೆದ್ದರು. ನನ್ನ ಮಗಳು ಟಿವಿ ಆರಿಸಲು ಬಿಡಲಿಲ್ಲ. ಮಾರನೆಯ ದಿನ ಅದೇ ನೀಲಿ ಅಂಗಿ ತೊಟ್ಟು ಲೈಬ್ರರಿಗೆ ಹೊರಟಳು. ಅಷ್ಟು ಹೆಮ್ಮೆ ನನಗೆ ಅವಳ ಅಂಕಪಟ್ಟಿ ನೋಡಿದಾಗಲೂ ಆಗಿರಲಿಲ್ಲ.

ಸ್ಯಾನ್ ಹೋಸೆಯಿಂದ:
ಈ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. ಆರ್‌ಸಿಬಿ ಎಷ್ಟೇ ಸೋತರೂ ಬೆಂಗಳೂರಿನ ಹೆಸರು ಬಿಡಲಿಲ್ಲ. ಇವರು ತಂಡದ ಹೆಸರಿನಿಂದ ಓಕ್‌ಲ್ಯಾಂಡನ್ನೇ ಅಳಿಸಿದ್ದಾರೆ. ಸೋತವರಿಗಾಗಿ ಕಾಯಬಹುದು, ಬಿಟ್ಟು ಹೋದವರಿಗಾಗಿ ಯಾಕೆ ಕಾಯಬೇಕು?

ಕ್ಯಾನ್ಸಸ್ ಸಿಟಿಯಿಂದ:
ಒಂದು ಮಾತು ಸೇರಿಸುತ್ತೇನೆ. ಈ ತಂಡ ಫಿಲಡೆಲ್ಫಿಯಾ ಬಿಟ್ಟು 1955ರಲ್ಲಿ ನಮ್ಮ ಊರಿಗೆ ಬಂತು, 1968ರಲ್ಲಿ ನಮ್ಮನ್ನು ಬಿಟ್ಟು ಓಕ್‌ಲ್ಯಾಂಡಿಗೆ ಹೋಯಿತು. ಆ ನೋವು ಇಲ್ಲಿನ ಹಿರಿಯರ ಮಾತಿನಲ್ಲಿ ಇಂದಿಗೂ ಇದೆ. ಆದರೆ 1969ರಲ್ಲೇ ರಾಯಲ್ಸ್ ಬಂತು, 1985ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು.

ಸ್ಯಾನ್ ಹೋಸೆಯಿಂದ:
ನಿಮಗೆ ಮರುವರ್ಷವೇ ಇನ್ನೊಂದು ಮೇಜರ್ ಲೀಗ್ ತಂಡ ಸಿಕ್ಕಿತು. ಓಕ್‌ಲ್ಯಾಂಡಿನಿಂದ 2019ರಲ್ಲಿ ಬ್ಯಾಸ್ಕೆಟ್‌ಬಾಲಿನ ವಾರಿಯರ್ಸ್ ಹೋಯಿತು, 2020ರಲ್ಲಿ ಅಮೆರಿಕನ್ ಫುಟ್‌ಬಾಲಿನ ರೈಡರ್ಸ್ ಹೋಯಿತು, ಕೊನೆಗೆ ಇದೂ ಹೋಯಿತು. ನಾಲ್ಕು ಸಲ ವರ್ಲ್ಡ್ ಸೀರೀಸ್ ಗೆದ್ದುಕೊಂಡು ಬಂದ ಊರಿಗೆ ಕೊಟ್ಟ ಮರ್ಯಾದೆ ಇದು. ಅಕ್ಕ, ಮತ್ತೊಮ್ಮೆ ಹೇಳುತ್ತೇನೆ: ಸ್ಯಾಕ್ರಮೆಂಟೊ ಬೇಡ.

ಫ್ರೀಮಾಂಟ್‌ನಿಂದ:
ಎಲ್ಲರಿಗೂ ಧನ್ಯವಾದ. ಬಾಸ್ಟನ್‌ನ ಹಿರಿಯರ ಮಾತನ್ನು ನಮ್ಮವರಿಗೆ ಓದಿ ಹೇಳಿದೆ; ಅವರು ಏನೂ ಮಾತನಾಡದೆ ಎದ್ದು ಮಗನ ಕೋಣೆಗೆ ಹೋದರು. ಸನಿವೇಲ್‌ನ ತಂಗಿ ಹೇಳಿದ ಸಣ್ಣ ತಂಡದ ಬಗ್ಗೆ ಯಾರೂ ಮುಂದೆ ಬರೆಯಲಿಲ್ಲ, ಆದರೆ ರಾತ್ರಿ ಊಟಕ್ಕೆ ಕುಳಿತಾಗ ನಾನು ಅದರ ಹೆಸರೆತ್ತಿದೆ. ಮಗ ತಟ್ಟೆಯಿಂದ ತಲೆ ಎತ್ತಿ ಒಂದೇ ಪ್ರಶ್ನೆ ಕೇಳಿದ: ಕೊಲಿಸಿಯಂನ ಬಲಗಡೆಯ ಬೆಂಚುಗಳಲ್ಲಿ ನಿಂತು ಡೋಲು ಬಾರಿಸುತ್ತಿದ್ದವರು ಅಲ್ಲಿಗೂ ಬರುತ್ತಾರೆಯೇ? ತಂಗೀ, ನೀವು ಅಲ್ಲಿಗೆ ಹೋಗಿದ್ದರೆ ದಯವಿಟ್ಟು ತಿಳಿಸಿ.