ಜರ್ಬಿಲ್‌ಗಳಲ್ಲಿ ಗಂಡು, ಹೆಣ್ಣುಗಳನ್ನು ಬೇರೆಯಾಗಿ ಸಾಕುವುದು ಹೇಗೆ? – ಅನುಭವ ಹಂಚಿಕೆ

ಕೇಳಿದ್ದು: ಎರಡೂ ಹೆಣ್ಣೆಂದು ನಂಬಿ ತಂದ ಜರ್ಬಿಲ್ (ಇಲಿಯಂತಹ ಪುಟ್ಟ ಸಾಕುಪ್ರಾಣಿ) ಜೋಡಿಯಲ್ಲಿ ಒಂದು ಮೊನ್ನೆ ಐದು ಮರಿ ಹಾಕಿದೆ. ಇನ್ನೊಂದು ಗಂಡೆಂಬುದು ಈಗಷ್ಟೇ ತಿಳಿಯಿತು. ಮತ್ತೆ ಮರಿಗಳಾಗದಂತೆ ಈ ಏಳನ್ನೂ ಹೇಗೆ ವಿಂಗಡಿಸಲಿ? ಗಂಡನ್ನು ಒಂಟಿಯಾಗಿ ಇಡಬಹುದೇ?

ಮೊದಲ ಅನುಭವ: ನಿಮಗೆ ಬೇಸರವಾಗುವ ಮಾತನ್ನೇ ಮೊದಲು ಹೇಳಬೇಕಾಗಿದೆ. ಜರ್ಬಿಲ್ ಹೆಣ್ಣು ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ಮತ್ತೆ ಬೆದೆಗೆ ಬರುತ್ತದೆ. ಆದ್ದರಿಂದ ಮೊನ್ನೆಯೇ ಅದು ಮತ್ತೆ ಗರ್ಭ ಧರಿಸಿರುವ ಸಾಧ್ಯತೆ ಹೆಚ್ಚು. ನಾನು ಗಂಡನ್ನು ಮೂರನೆಯ ದಿನ ತೆಗೆದು ನಿಶ್ಚಿಂತನಾಗಿದ್ದೆ. ಐದು ವಾರಗಳ ನಂತರ ಎರಡನೆಯ ಸೂಲು ಬಂತು. ಗರ್ಭಾವಧಿ ಸಾಮಾನ್ಯವಾಗಿ 24ರಿಂದ 26 ದಿನವಾದರೂ, ತಾಯಿ ಹಾಲೂಡಿಸುತ್ತಿದ್ದರೆ ಭ್ರೂಣಗಳು ಗರ್ಭಕೋಶಕ್ಕೆ ಅಂಟಿಕೊಳ್ಳುವುದೇ ತಡವಾಗಿ ಈ ಅವಧಿ ಹಿಗ್ಗುತ್ತದೆಂಬುದು ನನಗೆ ಆಗ ತಿಳಿದಿರಲಿಲ್ಲ. ಹೀಗಾಗಿ ಇನ್ನೊಂದು ಸೂಲಿಗೆ ಸಿದ್ಧರಾಗಿರಿ, ಮೂರನೆಯದನ್ನು ತಪ್ಪಿಸಿ.

ಎರಡನೆಯ ಅನುಭವ: ಮೇಲಿನವರ ಮಾತು ಸರಿ, ಆದರೆ ಗಂಡನ್ನು ಪೂರ್ತಿ ದೂರ ಒಯ್ಯುವುದನ್ನು ನಾನು ಒಪ್ಪುವುದಿಲ್ಲ. ಜರ್ಬಿಲ್‌ಗಳು ತಮ್ಮವರನ್ನು ವಾಸನೆಯಿಂದಲೇ ಗುರುತಿಸುತ್ತವೆ. ಕೆಲವು ದಿನ ಅಗಲಿಸಿ ಮತ್ತೆ ಕೂಡಿಸಿದರೆ ಹಳೆಯ ಒಡನಾಡಿಯನ್ನೇ ಪರಕೀಯನೆಂದು ಬಗೆದು ಸಾಯುವಂತೆ ಕಾದಾಡಬಹುದು. ನಾನು ದೊಡ್ಡ ಗಾಜಿನ ತೊಟ್ಟಿಯ ನಡುವೆ ಸಣ್ಣ ಕಣ್ಣಿನ ಲೋಹದ ಜಾಲರಿ ನಿಲ್ಲಿಸಿ, ಒಂದು ಕಡೆ ತಂದೆಯನ್ನು, ಇನ್ನೊಂದು ಕಡೆ ತಾಯಿ ಮತ್ತು ಮರಿಗಳನ್ನು ಇಟ್ಟೆ. ಹಾಸಿನ ಒಂದೊಂದು ಹಿಡಿಯನ್ನು ಆಗಾಗ ಅತ್ತಿತ್ತ ಬದಲಿಸುತ್ತಿದ್ದುದರಿಂದ ವಾಸನೆ ಒಂದೇ ಆಗಿ ಉಳಿಯಿತು. ಜಾಲರಿಯ ಅಂಚಿನಲ್ಲಿ ಸಂದಿರಬಾರದು, ಅದರ ಕೆಳಗೆ ತೋಡಿ ದಾಟಲೂ ಆಗಬಾರದು. ಪ್ಲಾಸ್ಟಿಕ್ ತಡೆಯನ್ನು ಅವು ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತವೆ, ಆ ಒಂದು ರಾತ್ರಿಯೇ ಸಾಕು. ಮರಿಗಳಿಗೆ ಐದು ವಾರ ತುಂಬಿದಾಗ ಗಂಡುಮರಿಗಳನ್ನು ತಂದೆಯ ಕಡೆಗೆ ಬಿಟ್ಟು, ಮೊದಲ ಕೆಲವು ಗಂಟೆ ಪಕ್ಕದಲ್ಲೇ ಕುಳಿತು ನೋಡಿದೆ. ಒಂಟಿತನದ ಸಮಸ್ಯೆಯೂ ಅಲ್ಲಿಗೆ ಮುಗಿಯಿತು.

ಮೂರನೆಯ ಅನುಭವ: ಇದೆಲ್ಲ ಫಲಿಸುವುದು ಲಿಂಗವನ್ನು ಸರಿಯಾಗಿ ಗುರುತಿಸಿದರೆ ಮಾತ್ರ. ಮಾರಿದವರ ಮಾತನ್ನು ನಂಬಿ ನಾನೂ ನಿಮ್ಮಂತೆಯೇ ಮೋಸಹೋಗಿದ್ದೇನೆ. ಮರಿಗಳಿಗೆ ಒಂದು ವಾರ ದಾಟಿ, ಹೊಟ್ಟೆಯ ಮೇಲೆ ರೋಮ ದಟ್ಟವಾಗುವ ಮುನ್ನ, ಹೆಣ್ಣುಗಳ ಮೊಲೆತೊಟ್ಟುಗಳು ಚುಕ್ಕೆಗಳಂತೆ ಕಾಣುತ್ತವೆ, ಆಗಲೇ ಬರೆದಿಟ್ಟುಕೊಳ್ಳಿ. ಐದು ವಾರದ ಹೊತ್ತಿಗೆ ಗಂಡುಗಳಲ್ಲಿ ಬಾಲದ ಬುಡದ ಬಳಿ ವೃಷಣಗಳ ಉಬ್ಬು ಕಾಣತೊಡಗುತ್ತದೆ. ಮೂತ್ರದ್ವಾರ ಮತ್ತು ಗುದದ್ವಾರಗಳ ನಡುವಿನ ಅಂತರ ಗಂಡಿನಲ್ಲಿ ಹೆಚ್ಚು, ಹೆಣ್ಣಿನಲ್ಲಿ ಅವೆರಡೂ ಬಹುತೇಕ ಒತ್ತಿಕೊಂಡಿರುತ್ತವೆ. ಒಂದನ್ನೇ ನೋಡಿ ತೀರ್ಮಾನಿಸದೆ ಒಡಹುಟ್ಟಿದವನ್ನು ಅಕ್ಕಪಕ್ಕ ಹಿಡಿದು ಹೋಲಿಸಿ. ಹಿಡಿಯುವಾಗ ಬಾಲದ ತುದಿಯನ್ನು ಮುಟ್ಟಲೇಬೇಡಿ, ಅದರ ಚರ್ಮ ಕಳಚಿಬರುತ್ತದೆ. ಎಂಟು ವಾರದೊಳಗೆ ವಿಂಗಡಣೆ ಮುಗಿದಿರಲೇಬೇಕು, ಏಕೆಂದರೆ ಅಣ್ಣತಂಗಿಯರೆಂಬ ಲೆಕ್ಕ ಅವುಗಳಿಗಿಲ್ಲ.

ನಾಲ್ಕನೆಯ ಅನುಭವ: ಹೆಣ್ಣುಗಳ ಬಗ್ಗೆ ಯಾರೂ ಹೇಳಲಿಲ್ಲ. ತಾಯಿಯನ್ನೂ ಮೂವರು ಹೆಣ್ಣುಮಕ್ಕಳನ್ನೂ ಒಟ್ಟಿಗೆ ಇಟ್ಟಿದ್ದ ನನ್ನ ತೊಟ್ಟಿಯಲ್ಲಿ ಕೆಲವು ತಿಂಗಳು ಶಾಂತಿಯಿತ್ತು. ಆಮೇಲೆ ಒಂದು ಗೂಡಿನ ಹೊರಗೆ ಮಲಗತೊಡಗಿತು, ಮೂರನೆಯ ದಿನ ಅದರ ಬಾಲದ ಬುಡದಲ್ಲಿ ಗಾಯ ಕಂಡಿತು. ರಕ್ತ ಬಂದ ಮೇಲೆ ಅವನ್ನು ಕೂಡಿಸುವ ಪ್ರಯತ್ನ ಮಾಡಬಾರದು. ಈಗ ನಾನು ಹೆಣ್ಣುಗಳನ್ನು ಎರಡೆರಡಾಗಿ ಮಾತ್ರ ಇಡುತ್ತೇನೆ. ಗಂಡು ಒಡಹುಟ್ಟುಗಳ ಜೋಡಿ ಸಾಮಾನ್ಯವಾಗಿ ಇದಕ್ಕಿಂತ ಸಮಾಧಾನದಿಂದಿರುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯೂ ಸಾಧ್ಯ, ಆದರೆ ಇಷ್ಟು ಪುಟ್ಟ ದೇಹಕ್ಕೆ ಅರಿವಳಿಕೆಯೇ ಅಪಾಯ. ಒಂದು ಜಾಲರಿಯಿಂದ ಆಗುವ ಕೆಲಸಕ್ಕೆ ನಾನಾಗಿದ್ದರೆ ಅದನ್ನು ಆರಿಸುತ್ತಿರಲಿಲ್ಲ.